ದಣಿದ ಕಣಗಳ ತವರುಮನೆ

ತುಂಬಿದ ಗ್ಯಾಸ್ ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ಇಪ್ಪತ್ತೆರಡು ಮೆಟ್ಟಿಲು ಹತ್ತಿ ಅಡುಗೆಮನೆಯಲ್ಲಿ ಇಳಿಸಿದ ಫಕ್ಕೀರವ್ವ ಇನ್ನೂ ಸೊಂಟ ನೆಟ್ಟಗೆ ಮಾಡಿರಲಿಲ್ಲ, ಫೋನು ಬಡಿದುಕೊಂಡಿತು. ಯಾರೆಂದು ನೋಡುವ ಅಗತ್ಯವೇ ಇರಲಿಲ್ಲ. ಈ ಒಂದು ವರ್ಷದಲ್ಲಿ ಅವಳು ಸ್ವಲ್ಪ ಜೋರಾಗಿ ಸೀನಿದರೂ ಫೋನು ಬರುತ್ತಿತ್ತು.

"ಫಕ್ಕೀರವ್ವ ಅವರಾ? ನಿಯಂತ್ರಣ ಕೊಠಡಿಯಿಂದ ಶೈಲಜಾ ಮಾತಾಡ್ತಿರೋದು. ಈಗ ಏನಾದ್ರೂ ಭಾರ ಎತ್ತಿದ್ರಾ?"

"ಸಿಲಿಂಡರ್ ರೀ. ಕೆಳಗಿಂದ ಮ್ಯಾಲ ತಂದೆ."

"ಅಯ್ಯೋ, ಯಾಕೆ ತಂದ್ರಿ? ಮೂರು ದಾಟಿದೆ ನೋಡಿ. ಕೂತ್ಕೊಳ್ಳಿ, ಕಾಲು ನೀಡ್ಕೊಂಡು ಕೂತ್ಕೊಳ್ಳಿ. ಕೆಳಗಿಳಿಯೋವರೆಗೂ ನಾನು ಲೈನಲ್ಲೇ ಇರ್ತೀನಿ."

ಕೂತಳು. ತನಗಿಂತ ಹದಿನೈದು ಕಿಲೋ ಹೆಚ್ಚಿನ ಹೆಂಗಸರನ್ನು ಎತ್ತಿ ಒಗೆದವಳು, ಎರಡು ವರ್ಷ ರಾಜ್ಯಮಟ್ಟದ ಬೆಳ್ಳಿ ಪದಕ ಹಾಕಿಕೊಂಡು ಬಂದವಳು, ತಪ್ಪು ಮಾಡಿದ ಶಾಲೆಯ ಹುಡುಗಿಯಂತೆ ಗೋಡೆಗೆ ಒರಗಿ ಕೂತಳು. ಫಕ್ಕೀರವ್ವ ಎಂಬ ಹೆಸರು ಕೇಳಿ ಎಂಬತ್ತರ ಮುದುಕಿ ಎಂದುಕೊಳ್ಳಬೇಡಿ. ಅಜ್ಜಿ ಶಿರಹಟ್ಟಿಯ ಫಕೀರಸ್ವಾಮಿಗೆ ಹೊತ್ತ ಹರಕೆಯ ಹೆಸರು ಅದು. ವಯಸ್ಸು ಇಪ್ಪತ್ತಾರು. ಕುಸ್ತಿ ಆಡುವವರಿಗೆ ಇಪ್ಪತ್ತಾರು ಎಂದರೆ ಏನು ಎಂಬುದು ಕುಸ್ತಿ ಆಡಿದವರಿಗೇ ಗೊತ್ತು. ಮದುವೆ ಇವತ್ತಲ್ಲ ನಾಳೆ ಆದೀತು. ತೋಳಿನ ಈ ಕಸುವು ಮಾತ್ರ ಯಾರಿಗಾಗಿಯೂ ಕಾಯುವುದಿಲ್ಲ.

ವೈನಿ ನೀಲವ್ವ ಓಡಿಬಂದಳು. ಅಣ್ಣನ ಹೆಂಡತಿ, ಕಡ್ಡಿಯಂಥ ಹೆಂಗಸು.

"ಯವ್ವಾ ತಾಯಿ, ನಾ ತರ್ತಿದ್ನಲ್ಲ! ನಿನಗ ಎಷ್ಟ ಸಲ ಹೇಳಬೇಕು?"

"ನೀವು ಹೊತ್ರ ಮೆಟ್ಟಲದಾಗ ಸಿಲಿಂಡರ್ ಜೋಡಿ ನಿಮ್ಮನ್ನೂ ಹುಡುಕಬೇಕಾಗ್ತಿತ್ತು ವೈನಿ."

ನೀಲವ್ವ ನಗಲಿಲ್ಲ. ಅವಳ ಕಣ್ಣು ಫಕ್ಕೀರವ್ವನ ತೋಳಿನ ಮೇಲಿತ್ತು. ಅಲ್ಲಿ ಹಳೆಯ ರೂಪಾಯಿ ನಾಣ್ಯದಷ್ಟು ಅಗಲದ ಒಂದು ಬಿಲ್ಲೆ ಚರ್ಮಕ್ಕೆ ಅಂಟಿಕೊಂಡಿತ್ತು. ಮನೆಯ ಎಲ್ಲರೂ ಈಗ ಅವಳ ಮುಖ ನೋಡಿ ಮಾತಾಡುವುದನ್ನು ಬಿಟ್ಟಿದ್ದರು, ಬಿಲ್ಲೆ ನೋಡಿ ಮಾತಾಡುತ್ತಿದ್ದರು.

ಕಥೆ ಶುರುವಾದದ್ದು ಅಣ್ಣ ದ್ಯಾಮಣ್ಣನಿಂದ. ಧಾರವಾಡದಲ್ಲಿ ಬಸ್ ಕಂಡಕ್ಟರ್. ಅಪ್ಪ ಅವ್ವ ಬೇಗ ತೀರಿಕೊಂಡ ಮೇಲೆ ತಂಗಿಯನ್ನು ಸಾಕಿ, ಊರೆಲ್ಲ "ಹುಡುಗಿಗ ಯಾಕೋ ಕುಸ್ತಿ?" ಎಂದು ಆಡಿಕೊಂಡರೂ ಕಿವಿಗೆ ಹಾಕಿಕೊಳ್ಳದೆ ಕೆಲಗೇರಿ ಕೆರೆಯ ದಂಡೆಯ ಗರಡಿಮನೆಗೆ ಕೈಹಿಡಿದು ಕರೆದುಕೊಂಡು ಹೋದವನು. ಅವನ ಎಡ ಮೂತ್ರಪಿಂಡದಲ್ಲಿ ಕ್ಯಾನ್ಸರ್ ಬಂತು. ಮೂತ್ರಪಿಂಡ ತೆಗೆದರು. ಆರು ತಿಂಗಳಿಗೆ ಶ್ವಾಸಕೋಶದಲ್ಲಿ ಮೂರು ಗಡ್ಡೆ ಕಂಡವು. ಔಷಧ ಒಂದೊಂದಾಗಿ ಸೋತವು. ಆಗ ಯಾರೋ ಸಂಜೀವಕ ಸಂಶೋಧನಾಲಯದ ಹೆಸರು ಹೇಳಿದರು.

ಅಲ್ಲಿನ ಮುಖ್ಯಸ್ಥೆ ಡಾಕ್ಟರ್ ರೋಹಿಣಿ ಕಿತ್ತೂರ. ನೆರೆತ ತಲೆ, ಕಾಟನ್ ಸೀರೆ, ಎದುರಿಗೆ ಕೂತವರಿಗೆ ಅರ್ಥವಾಗುವವರೆಗೂ ಬಿಡದ ಸ್ವಭಾವ.

"ಎಲ್ಲಾರೂ ಕ್ಯಾನ್ಸರ್ ಜೋಡಿ ಯುದ್ಧ ಅಂತಾರ. ಯುದ್ಧ ಅಲ್ಲವ್ವಾ, ಅದು ಊಟದ ಜಗಳ," ಎಂದು ಅವರು ಮೊದಲ ದಿನವೇ ಅಣ್ಣ-ತಂಗಿಯನ್ನು ಕೂರಿಸಿಕೊಂಡು ಹೇಳಿದರು. "ಗಡ್ಡಿಗೆ ಭಾಳ ಹಸಿವು. ರಕ್ತದಾಗಿನ ಸಕ್ಕರಿ ಬಾಚಿ ಬಾಚಿ ನುಂಗತೈತಿ, ಅರ್ಧಮರ್ಧ ಅರಗಿಸಿ ಉಳಿದದ್ದನ್ನ ಹುಳಿ ಮಾಡಿ ಸುತ್ತಲೂ ಉಗುಳತೈತಿ. ಲ್ಯಾಕ್ಟಿಕ್ ಆಮ್ಲ ಅಂತೀವಿ ನಾವು. ಅದನ್ನ ಕೊಲ್ಲಾಕಂತ ನಿಮ್ಮ ಮೈಯಾಗಿನ ಕಾವಲು ಕಣ, ಬಿಳಿ ರಕ್ತಕಣ, ಅಲ್ಲಿಗಿ ಹೋಗ್ತಾವು. ಹೋದ್ರ ಉಣ್ಣಾಕ ಸಕ್ಕರಿ ಇಲ್ಲ, ಬರೇ ಹುಳಿ. ಅದರಾಗ ನಿಂತು ನಿಂತು ಕೈಕಾಲು ಸೋತು ಕುಂದರ್ತಾವು. ನಿಮ್ಮ ಕಣ ಹೇಡಿ ಅಲ್ಲ ದ್ಯಾಮಣ್ಣಾರ. ದಣದಾವು, ಅಷ್ಟ."

"ದಣದಾವು ಅಂದ್ರ ಏನ್ ಮಾಡೂದ್ರಿ?" ಎಂದು ದ್ಯಾಮಣ್ಣ ಕೇಳಿದ.

"ಗಂಡನ ಮನಿಯಾಗ ದಣದ ಹೆಣ್ಮಕ್ಳು ಏನ್ ಮಾಡ್ತಾರ? ತವರಿಗಿ ಹೋಗ್ತಾರ."

ಇಷ್ಟೇ ಅವರ ಶೋಧ. ಬಾಟಲಿಯಲ್ಲಿ ಇಟ್ಟು ಸಾಕಿದರೆ ಆ ಕಣಗಳು ಕೊಬ್ಬಿ ಕೆಲಸ ಮರೆಯುತ್ತಿದ್ದವು. ಇನ್ನೊಂದು ಜೀವಂತ ಮೈಯಲ್ಲಿ, ಸಿಹಿಯಾದ ಸ್ವಚ್ಛ ರಕ್ತದಲ್ಲಿ ಮೂರು ವಾರ ತಿರುಗಾಡಿಸಿದರೆ ಹೊಸ ಕಸುವು ತುಂಬಿಕೊಂಡು ಏಳುತ್ತಿದ್ದವು. ಗುರುತು ಹಚ್ಚಿ ಕಳಿಸಿದ ಕಣಗಳನ್ನು ಯಂತ್ರ ಮತ್ತೆ ಸೋಸಿ ತೆಗೆದು ರೋಗಿಗೆ ಮರಳಿಸುತ್ತಿತ್ತು. ಆದರೆ ಆ ಇನ್ನೊಂದು ಮೈ ಪರಕೀಯವಾಗಿರಬಾರದು, ಕಣಗಳನ್ನು ನಮ್ಮವೆಂದು ಒಪ್ಪಿಕೊಳ್ಳಬೇಕು. ಒಡಹುಟ್ಟಿದವರಲ್ಲಿಯೂ ನಾಲ್ವರಲ್ಲಿ ಒಬ್ಬರದು ಹೊಂದೀತು. ದ್ಯಾಮಣ್ಣ-ಫಕ್ಕೀರವ್ವರ ಅಪ್ಪ ಅವರವ್ವನ ಸ್ವಂತ ಸೋದರಮಾವ. ಹಾಗಾಗಿ ಇಬ್ಬರ ರಕ್ತವೂ ಅಚ್ಚು ಒತ್ತಿದ ಹಾಗೆ ಹೊಂದಿತು. "ಇಂಥ ಲಗ್ನ ಮಾಡಬ್ಯಾಡ್ರಿ ಅಂತ ನಾನs ಎಷ್ಟೋ ಮಂದಿಗೆ ಬೈದೀನಿ," ಎಂದು ಡಾಕ್ಟರು ವರದಿ ನೋಡಿ ತಲೆ ಆಡಿಸಿದರು. "ಇವತ್ತ ಅದs ಕೈ ಹಿಡೀತು."

ಫಕ್ಕೀರವ್ವ ಒಪ್ಪಿಗೆಪತ್ರಕ್ಕೆ ಓದದೆ ಸಹಿ ಹಾಕಿದಳು. ರಾಷ್ಟ್ರೀಯ ತಂಡದ ಆಯ್ಕೆಗೆ ಆಗ ಮೂರು ವಾರ ಬಾಕಿ ಇತ್ತು. ಅದನ್ನು ಯಾರಿಗೂ ನೆನಪಿಸಲಿಲ್ಲ, ಅಣ್ಣನಿಗಿಂತ ಹೆಚ್ಚಿನದೇ ಅದು?

ಸಹಿ ಹಾಕಿದ ಮೇಲೆ ಕಟ್ಟಳೆ ಹೇಳಿದರು. ಮೈ ಬಳಲಿಸಿದರೆ ನಮ್ಮ ಸ್ನಾಯುಗಳೂ ಅದೇ ಹುಳಿಯನ್ನೇ ರಕ್ತಕ್ಕೆ ಬಿಡುತ್ತವೆ. ಹುಳಿಯಿಂದ ಓಡಿಬಂದ ಕಣಗಳಿಗೆ ತವರಿನಲ್ಲೂ ಹುಳಿಯೇ ಸಿಕ್ಕರೆ ಏನು ಸುಖ? ಆದ್ದರಿಂದ ಓಟ ಇಲ್ಲ, ಭಾರ ಇಲ್ಲ, ಸಾಮು ಇಲ್ಲ, ಕುಸ್ತಿಯಂತೂ ಇಲ್ಲವೇ ಇಲ್ಲ. ತೋಳಿನ ಬಿಲ್ಲೆ ರಕ್ತದ ಹುಳಿಯನ್ನೂ ಎದೆಬಡಿತವನ್ನೂ ಕ್ಷಣಕ್ಷಣ ನಿಯಂತ್ರಣ ಕೊಠಡಿಗೆ ಕಳಿಸುತ್ತಿತ್ತು, ಹುಳಿಯ ಅಂಕಿ ಎರಡು ದಾಟಬಾರದು. ಊಟ ತೂಕ ಮಾಡಿ, ನಿದ್ದೆ ಗಂಟೆ ನೋಡಿ. ಒಂದು ತಂಡ ಹೊರಡುವ ದಿನವೇ ದಣಿದ ಇನ್ನೊಂದು ತಂಡ ಬಂದು ಇಳಿಯುತ್ತಿತ್ತು, ಆದಕಾರಣ ನಡುವೆ ಒಂದು ದಿನದ ರಜೆಯೂ ಇಲ್ಲ. ಒಪ್ಪಿಗೆಪತ್ರದ ಒಂಬತ್ತನೆಯ ಕಲಮಿನಲ್ಲಿ ಮಾತ್ರ ದಪ್ಪ ಅಕ್ಷರದಲ್ಲಿ ಬರೆದಿತ್ತು: ದಾನಿಯು ಯಾವಾಗ ಬೇಕಾದರೂ, ಕಾರಣ ತಿಳಿಸದೆ, ಹಿಂದೆ ಸರಿಯಬಹುದು. ಬಾಗಿಲು ತೆರೆದೇ ಇತ್ತು ನೋಡಿ. ಹೊಸ್ತಿಲ ಮೇಲೆ ಅಣ್ಣ ಮಲಗಿದ್ದ, ದಾಟಿ ಹೋಗಬೇಕಷ್ಟೆ.

ಗಡ್ಡೆಗಳು ಬೆಳೆಯುವುದನ್ನು ನಿಲ್ಲಿಸಿದವು. ಕರಗಲಿಲ್ಲ, ಬೆಳೆಯಲಿಲ್ಲ, ಇದ್ದಲ್ಲೇ ಕೂತವು. ದ್ಯಾಮಣ್ಣ ಸಾಯಲಿಲ್ಲ, ಪೂರಾ ಬದುಕಲೂ ಇಲ್ಲ. ಮೂರನೆಯ ತಿಂಗಳು ಅವನೊಮ್ಮೆ ತಂಗಿಯನ್ನು ಹತ್ತಿರ ಕೂರಿಸಿಕೊಂಡು, "ಬಿಟ್ಟುಬಿಡು ಫಕ್ಕಿ. ನಂದೇನು, ಹೆಂಗೋ ಆಗತೈತಿ. ನಿನ್ನ ಆಟ ಹಾಳಾತು," ಎಂದಿದ್ದ. "ಸುಮ್ಕಿರಣ್ಣಾ, ಏನೇನರ ಮಾತಾಡ್ತಿ," ಎಂದು ಅವಳು ಬೈದಿದ್ದಳು. ಆಮೇಲೆ ಅವನು ಆ ಮಾತು ಎತ್ತಲಿಲ್ಲ. ನಾಲ್ಕನೆಯ ತಿಂಗಳೂ ಇಲ್ಲ, ಎಂಟನೆಯ ತಿಂಗಳೂ ಇಲ್ಲ. ಎರಡನೆಯ ಸಲ ಹೇಳಿದ್ದರೂ ಅವಳೇನು ಬಿಡುತ್ತಿರಲಿಲ್ಲ. ಆದರೂ ಹೇಳಬೇಕಿತ್ತು ಎಂದು ಅವಳಿಗೆ ಅನ್ನಿಸುತ್ತಿತ್ತು, ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವರ ಪಾಡು: ಉಗುಳುವಂತಿಲ್ಲ, ನುಂಗುವಂತಿಲ್ಲ.

ಸಿಲಿಂಡರಿನ ಘಟನೆಯ ಮರುದಿನ ಬೆಳಿಗ್ಗೆ ಅವಳು ಗರಡಿಮನೆಯ ಕಡೆ ನಡೆದಳು. ನಡೆಯುವುದಕ್ಕೆ ಅಡ್ಡಿಯಿರಲಿಲ್ಲ. ಸುಮ್ಮನೆ ನೋಡಿಬರೋಣ ಎಂದುಕೊಂಡಿದ್ದಳು. ಬಾಗಿಲಲ್ಲೇ ಎಣ್ಣೆ, ಅರಿಸಿನ, ಮಜ್ಜಿಗೆ ಬೆರೆತ ಕೆಮ್ಮಣ್ಣಿನ ವಾಸನೆ ಮೂಗಿಗೆ ಬಡಿದು ಅಳು ಒತ್ತರಿಸಿ ಬಂತು. ಮೂಲೆಯ ಬೆಂಚಿನ ಮೇಲೆ ಉಸ್ತಾದ ಬಾಳಪ್ಪ ಕೂತಿದ್ದರು. ಎಪ್ಪತ್ತೆಂಟು ವಯಸ್ಸು, ಜಜ್ಜಿಹೋದ ಕಿವಿಗಳು, ಒಂದು ಕಣ್ಣಿಗೆ ಪೊರೆ. ಕುಸ್ತಿಕಣದ ನಡುವೆ ಲೂಸಿ ಸಿದ್ದಿ ಒಬ್ಬಳೇ ಬೈಠಕ್ ಹೊಡೆಯುತ್ತಿದ್ದಳು. ಹಳಿಯಾಳದ ಕಾಡಂಚಿನಿಂದ ಬಂದ ಇಪ್ಪತ್ತೆರಡರ ಹುಡುಗಿ. ಫಕ್ಕೀರವ್ವನೇ ಪಟ್ಟು ಕಲಿಸಿ ಬೆಳೆಸಿದವಳು, ಈಗ ಗುರುವಿಗೇ ತಿರುಮಂತ್ರ ಹೇಳುವ ಹದಕ್ಕೆ ಬಂದಿದ್ದಳು.

"ಅಕ್ಕಾ! ಬಾ, ಒಂದು ಕೈ ಹಿಡಿ!" ಎಂದಳು ಲೂಸಿ.

ಫಕ್ಕೀರವ್ವ ತೋಳು ತೋರಿಸಿದಳು. ಬಿಲ್ಲೆ ತೆಗೆದರೆ ಒಂದು ನಿಮಿಷದೊಳಗೆ ಚರ್ಮ ಸಿಗಬೇಕು, ಇಲ್ಲದಿದ್ದರೆ ನಿಯಂತ್ರಣ ಕೊಠಡಿಯಲ್ಲಿ ಗಂಟೆ ಹೊಡೆಯುತ್ತದೆ ಎಂದು ವಿವರಿಸಿದಳು.

ಉಸ್ತಾದರು ಕಿವಿ ಕೆರೆದುಕೊಳ್ಳುತ್ತ ಕೇಳಿದರು: "ಯಾರ ಚರ್ಮ ಅಂತ ಅದಕ್ಕ ತಿಳೀತೈತೇನು?"

"ಅದೆಲ್ಲ ತಿಳಿಯಂಗಿಲ್ರಿ."

"ಹಂಗಾರ ನನಗ ಹಚ್ಚು. ನಾ ಹೆಂಗಿದ್ರೂ ಕುಂತs ಇರ್ತೀನಿ."

"ಉಸ್ತಾದ್ರ, ಅಣ್ಣನ ಕಣ ಅದಾವ್ರಿ ನನ್ನ ಮೈಯಾಗ."

"ಇರಲಿ ಬಿಡು. ಗರಡಿ ಮಣ್ಣು ಮುಟ್ಟಿದ ಮೈಯಾಗ ರೋಗ ನಿಂದ್ರೂದಿಲ್ಲ ಅಂತ ನಮ್ಮ ಹಿರಿಯಾರು ಸುಮ್ಸುಮ್ನ ಹೇಳ್ಯಾರೇನು? ಅವನ ಕಣಾನೂ ನಾಕು ಬೈಠಕ್ ಹೊಡೀಲಿ. ಕುಂತು ಉಂಡ್ರ ಯಾರಿಗೆ ಕಸುವು ಬರತೈತಿ?"

ಡಾಕ್ಟರ್ ಕಿತ್ತೂರರ ಇಪ್ಪತ್ತು ವರ್ಷದ ಸಂಶೋಧನೆಯನ್ನು ಹೀಗೆ ಒಂದೇ ಮಾತಿನಲ್ಲಿ ತಳ್ಳಿಹಾಕುವ ಧೈರ್ಯ ಗರಡಿಮನೆಯವರಿಗಲ್ಲದೆ ಇನ್ನಾರಿಗೆ ಬಂದೀತು! ಫಕ್ಕೀರವ್ವನಿಗೆ ಆ ಮಾತಿನಲ್ಲಿ ನಂಬಿಕೆ ಬರಲಿಲ್ಲ. ತಪ್ಪು ಎಂದು ಗೊತ್ತಿತ್ತು. ಗೊತ್ತಿದ್ದೇ ಬಿಲ್ಲೆ ಕಿತ್ತು ಉಸ್ತಾದರ ಸುಕ್ಕು ತೋಳಿಗೆ ಒತ್ತಿದಳು.

ಲೂಸಿ ಮೊದಲ ದಿನವೇ ಅವಳನ್ನು ಎಂಟು ಸಲ ಕೆಡವಿದಳು. ದಯೆ ದಾಕ್ಷಿಣ್ಯ ಎಂಬುದೇ ಆ ಹುಡುಗಿಗೆ ಗೊತ್ತಿರಲಿಲ್ಲ. ಸೊಂಟಕ್ಕೆ ಕೈಹಾಕಿ ಎತ್ತಿ ಬೆನ್ನು ಮಣ್ಣಿಗೆ ಬಡಿಯುವ ಹಾಗೆ ಒಗೆಯುತ್ತಿದ್ದಳು. ಉಸಿರು ಸಿಕ್ಕಿಹಾಕಿಕೊಂಡು, ತೊಡೆ ಉರಿದು, ಬಾಯಲ್ಲಿ ಮಣ್ಣು ಹೊಕ್ಕು ಫಕ್ಕೀರವ್ವ ಗಹಗಹಿಸಿ ನಕ್ಕಳು. ವರ್ಷದ ಮೇಲೆ ಯಾರೋ ಅವಳನ್ನು ಜೋಪಾನ ಮಾಡದೆ ಮುಟ್ಟಿದ್ದರು. ಸುಖ ಎಂದರೆ ಸುಖ!

ಹೀಗೆ ಹನ್ನೊಂದು ವಾರ ನಡೆಯಿತು. ದಿನಾ ಆರರಿಂದ ಏಳು. ಉಸ್ತಾದರು ಬಿಲ್ಲೆ ಹಚ್ಚಿಕೊಂಡು ಬೆಂಚಿನ ಮೇಲೆ ತೂಕಡಿಸುವುದು, ಇವಳು ಕಣಕ್ಕಿಳಿಯುವುದು. ಹನ್ನೊಂದು ವಾರದಲ್ಲಿ ಅವಳು ಲೂಸಿಗೆ ಸರಿಸಮ ಬಂದಳು. ಮನೆಗೆ ಮರಳಿದ ಮೇಲೆ ಮಾತ್ರ ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅಣ್ಣ ಕೆಮ್ಮಿದರೆ ಅದು ತನ್ನ ಕುಸ್ತಿಯ ಕೆಮ್ಮು, ಅನ್ನ ಬಿಟ್ಟರೆ ಅದೂ ತನ್ನಿಂದಲೇ. ಪ್ರತಿ ಸಂಜೆ ನಾಳೆ ಹೋಗಬಾರದು ಎಂದು ತೀರ್ಮಾನಿಸುತ್ತಿದ್ದಳು, ಬೆಳಗಾದರೆ ಕಾಲು ತಾವಾಗಿ ಕೆರೆಯ ದಾರಿ ಹಿಡಿಯುತ್ತಿದ್ದವು. "ವಾಕಿಂಗ್ ಭಾಳ ಛಲೋ ಹತ್ತೈತಿ ನಿನಗ, ಮುಖದಾಗ ಕಳೆ ಬಂದೈತಿ," ಎನ್ನುತ್ತಿದ್ದಳು ನೀಲವ್ವ. ಆ ಮಾತು ಅವಳ ಎದೆಗೆ ಸೂಜಿಯ ಹಾಗೆ ಚುಚ್ಚುತ್ತಿತ್ತು.

ಮೂರು ತಿಂಗಳಿಗೊಮ್ಮೆಯ ಸ್ಕ್ಯಾನ್ ದಿನ ಬಂತು. ದ್ಯಾಮಣ್ಣನನ್ನು ಯಂತ್ರದೊಳಗೆ ಕಳಿಸಿ, ನೀಲವ್ವ ಹೊರಗೆ ಕೂತು ಜಪ ಮಾಡುತ್ತಿದ್ದಳು. ಒಂದು ಗಂಟೆಯ ಮೇಲೆ ಶೈಲಜಾ ಬಂದು ಫಕ್ಕೀರವ್ವನನ್ನು ಮಾತ್ರ ಕರೆದಳು. ಫೋನಿನಲ್ಲಿ ದಿನಾ ಕೇಳುತ್ತಿದ್ದ ದನಿಯ ಒಡತಿ ದಪ್ಪ ಕನ್ನಡಕದ, ದುಂಡುಮುಖದ ಒಬ್ಬ ಹುಡುಗಿ.

ನಿಯಂತ್ರಣ ಕೊಠಡಿಯ ಗೋಡೆಯ ಮೇಲೆ ಹನ್ನೆರಡು ಪರದೆಗಳು. ಒಂದೊಂದರಲ್ಲೂ ಎರಡೆರಡು ಹೆಸರು, ಎರಡೆರಡು ಹಸಿರು ಗೆರೆ: ಒಂದು ಗಂಡನ ಮನೆ, ಒಂದು ತವರು. ಗೋಕಾಕದ ಅಪ್ಪ-ಮಗಳು, ರಾಣೆಬೆನ್ನೂರಿನ ಅಣ್ಣತಮ್ಮ. ಆ ತವರುಗಳೆಲ್ಲ ಈ ಹೊತ್ತಿಗೆ ಎಲ್ಲೆಲ್ಲೋ ಕಾಲುನೀಡಿ ಸುಮ್ಮನೆ ಕೂತಿರಬೇಕು ಎಂದು ಅವಳಿಗೆ ಹೊಳೆಯಿತು.

ಡಾಕ್ಟರ್ ಕಿತ್ತೂರ ಏಳನೆಯ ಪರದೆಯ ಮುಂದೆ ನಿಂತಿದ್ದರು. "ಫಕ್ಕೀರವ್ವಾ, ಒಂದು ವಿಚಿತ್ರ ನೋಡು. ಬೆಳಿಗ್ಗೆ ಆರಕ್ಕ ನಿನ್ನ ಹೃದಯಕ್ಕ ಎಂಬತ್ತು ವರ್ಷ ಆಗತೈತಿ. ಏಳಕ್ಕ ಮತ್ತ ಇಪ್ಪತ್ತಾರು. ಹನ್ನೊಂದು ವಾರ ದಿನಾ ಇದs. ಯಾರದವ್ವಾ ಆ ಹೃದಯ?"

ಅವಳಿಗೆ ಸುಳ್ಳು ಹೇಳಲು ಬರಲಿಲ್ಲ. ನಿಂತಲ್ಲೇ ಎಲ್ಲ ಹೇಳಿದಳು: ಗರಡಿ, ಲೂಸಿ, ಉಸ್ತಾದರ ತೋಳು. ಹೇಳುತ್ತ ಹೇಳುತ್ತ ಕುಸಿದು ಕೂತಳು. "ನಾನs ಅವನ್ನ ಕೊಂದ್ನೇನ್ರಿ? ಖರೇ ಹೇಳ್ರಿ ಮೇಡಂ. ಒಂದು ತಾಸು ನನಗೂ ಬೇಕು ಅಂತ ಆಸೆ ಮಾಡಿ ಅಣ್ಣನ್ನ ಕೊಂದ್ನೇನ್ರಿ?"

ಡಾಕ್ಟರು ಬೈಯಲಿಲ್ಲ. ಅವಳನ್ನು ಎಬ್ಬಿಸಿ, ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರು. "ಇದು ಹಿಂದಿನ ಸಲದ್ದು, ಹದಿನೆಂಟು ಮಿಲಿಮೀಟರ್. ಇದು ಇವತ್ತಿಂದು. ಹನ್ನೊಂದು. ಇನ್ನೆರಡರಾಗ ಒಂದು ಕುಗ್ಗೈತಿ, ಒಂದು ಕಾಣಂಗs ಇಲ್ಲ."

"ಅಂದ್ರ?"

"ಕರಗಾಕತ್ತಾವು. ನಾವು ಹನ್ನೆರಡು ಜೋಡಿಯೊಳಗ ಒಂದರಾಗೂ ನೋಡಿಲ್ಲ ಇದನ್ನ. ಹೋದ ವಾರ ನಿಮ್ಮಣ್ಣನ ಕಣ ತಗದು ಹುಳಿಯೊಳಗ ಹಾಕಿ ನೋಡಿದೆ. ಬ್ಯಾರೆಯವರ ಕಣ ಸೋತು ಮಲಗಿದ್ವು. ಇವು ಆ ಹುಳೀನs ಉಂಡು ಕೆಲಸ ಮಾಡಾಕತ್ತಿದ್ವು." ಅವರು ಪರದೆ ಬಿಟ್ಟು ಅವಳ ಕಡೆ ತಿರುಗಿದರು. "ನಾವು ತಪ್ಪಿದ್ವಿ ಫಕ್ಕೀರವ್ವಾ. ದಣದಾವು ಅಂತ ಬರೇ ಮೆತ್ತನ ಹಾಸಿಗಿ ಹಾಸಿದ್ವಿ. ದಿನಾ ಒಂದು ತಾಸು ನಿನ್ನ ಮೈಯಾಗ ಹುಳಿ ಏರ್ತಿತ್ತು, ಮತ್ತ ಇಳೀತಿತ್ತು. ಅಷ್ಟಷ್ಟs ಹುಳಿ ಉಂಡು ಅರಗಿಸ್ಕೊಳ್ಳೂದು ಕಲ್ತಾವು ಅವು. ಗಡ್ಡಿ ಉಗುಳಿದ್ದನ್ನs ಊಟ ಮಾಡಿ ಗಡ್ಡೀನ ಕೊಲ್ಲಾಕತ್ತಾವು."

ಉಸ್ತಾದರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಫಕ್ಕೀರವ್ವ ಅತ್ತಳು, ನಕ್ಕಳು, ಡಾಕ್ಟರ ಕೈಹಿಡಿದು ಕಣ್ಣಿಗೆ ಒತ್ತಿಕೊಂಡಳು. ಎದೆಯ ಮೇಲಿನ ಬಂಡೆ ಉರುಳಿತ್ತು. ಅಣ್ಣನೂ ಉಳಿದ, ಆಟವೂ ಉಳಿಯಿತು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ.

"ಹಂಗಾರ ಇನ್ನ ನಾ ಕುಸ್ತಿ ಆಡಬಹುದಲ್ರಿ ಮೇಡಂ?"

"ಆಡಬಹುದು ಅಲ್ಲವ್ವಾ," ಎಂದರು ಡಾಕ್ಟರ್ ಕಿತ್ತೂರ. "ಆಡಬೇಕು."

ಆ ಎರಡು ಮಾತಿನ ನಡುವಿನ ಅಂತರ ಆಗ ಅವಳಿಗೆ ತಿಳಿಯಲಿಲ್ಲ. "ಬರೋ ತಿಂಗಳು ಬೆಳಗಾವಿಯಾಗ ಆಯ್ಕೆ ಐತ್ರಿ. ಹೋಗ್ಲೇನ್ರಿ?" ಎಂದು ಉತ್ಸಾಹದಲ್ಲಿ ಕೇಳಿಯೇ ಬಿಟ್ಟಳು.

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಅಂಕಿ ಆರಕ್ಕಿಂತ ಕೆಳಗಿದ್ದರೆ ಕಣಗಳು ಏನೂ ಕಲಿಯುವುದಿಲ್ಲ, ಒಂಬತ್ತು ದಾಟಿದರೆ ಸುಟ್ಟುಹೋಗುತ್ತವೆ ಎಂದು ಅದೇ ಪ್ರಯೋಗದಲ್ಲಿ ಕಂಡಿದೆ, ಇಷ್ಟು ದಿನ ಅವು ಉಳಿದದ್ದು ಅದೃಷ್ಟ ಎಂದರು. ದಿನಾ ನಲವತ್ತು ನಿಮಿಷ, ಆರರಿಂದ ಒಂಬತ್ತರೊಳಗೆ. ಸ್ಪರ್ಧೆಯ ಕುಸ್ತಿಗೆ ಅಂಥ ಮಿತಿ ಎಲ್ಲಿಯದು? ಎದುರಾಳಿ ಬಂದು ಅಂಕಿ ನೋಡಿ ನಿಲ್ಲುತ್ತಾಳೆಯೇ?

"ಎಷ್ಟು ದಿನ ರೀ?"

"ಗಡ್ಡಿ ಪೂರಾ ಹೋದ್ರೂ ಅಲ್ಲೊಂದು ಇಲ್ಲೊಂದು ಕಣ ಅಡಗಿರತೈತಿ. ನಿಲ್ಲಿಸಿ ನೋಡೂ ಧೈರ್ಯ ನನಗಂತೂ ಇಲ್ಲ." ಕನ್ನಡಕ ಮತ್ತೆ ಹಾಕಿಕೊಂಡು, "ಒಂಬತ್ತನೇ ಕಲಮು ಈಗೂ ಹಂಗs ಐತಿ," ಎಂದು ಸೇರಿಸಿದರು. ಒಳ್ಳೆಯ ಹೆಂಗಸು. ಹೇಳುವಾಗ ಅವಳ ಕಣ್ಣು ತಪ್ಪಿಸಿದರು.

ಮನೆಯಲ್ಲಿ ಹಬ್ಬ. ನೀಲವ್ವ ನಾದಿನಿಯನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು, ಕಾಲು ಮುಟ್ಟಲು ಹೋದಳು, ಫಕ್ಕೀರವ್ವ ಹೌಹಾರಿ ಹಿಂದೆ ಸರಿದಳು. ಮರುದಿನದಿಂದ ಅವಳ ಕುಸ್ತಿಯ ಬಟ್ಟೆ ಒಗೆದು, ಮಡಚಿ, ಹಾಸಿಗೆಯ ಬದಿಗೆ ಬಂದು ಕೂರುತ್ತಿತ್ತು. ಐದೂವರೆಗೆ ಬಾದಾಮಿ ಹಾಲು, ಹನ್ನೆರಡು ಬಾದಾಮಿ ಎಣಿಸಿ. "ಏಳವ್ವಾ, ತಡ ಆತು" ಎಂದು ವೈನಿ ಪ್ರೀತಿಯಿಂದಲೇ ಎಬ್ಬಿಸುತ್ತಿದ್ದಳು. ಮೊದಲೆಲ್ಲ ಕದ್ದು ಹೋಗುತ್ತಿದ್ದ ದಾರಿಯಲ್ಲಿ ಈಗ ಸಂಶೋಧನಾಲಯದ ಬಿಳಿ ಕಾರು ಕಾಯುತ್ತಿತ್ತು. ಬೆಂಚಿನ ಮೇಲೆ ಉಸ್ತಾದರ ಪಕ್ಕ ಶೈಲಜಾ ಪರದೆ ಹಿಡಿದು ಕೂರುತ್ತಿದ್ದಳು. ಅಂಕಿ ಒಂಬತ್ತಕ್ಕೆ ಬಂದರೆ ಕೀಂ ಎನ್ನುತ್ತಿತ್ತು. ಎಂಥ ಪಟ್ಟು ಬಿದ್ದಿದ್ದರೂ, ಎದುರಾಳಿಯ ಬೆನ್ನು ಮಣ್ಣಿಗೆ ಒಂದು ಬೆರಳು ದೂರ ಇದ್ದರೂ, ಬಿಟ್ಟು ನಿಲ್ಲಬೇಕು. ಆರಕ್ಕಿಳಿದರೆ ಮತ್ತೆ ಹಿಡಿಯಬೇಕು.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಜೀವನದಲ್ಲಿ ಮೊಟ್ಟಮೊದಲ ಸಲ, ಅವಳಿಗೆ ಗರಡಿಗೆ ಹೋಗಲು ಮನಸ್ಸಾಗಲಿಲ್ಲ. ಮೈಗೆ ಏನೂ ಆಗಿರಲಿಲ್ಲ, ಸುಮ್ಮನೆ ಬೇಡವೆನ್ನಿಸಿತು, ಅಷ್ಟೆ. ಹೊದಿಕೆ ಎಳೆದುಕೊಂಡಳು. ಐದು ನಿಮಿಷಕ್ಕೆ ಫೋನು ಬಂತು. ಹತ್ತು ನಿಮಿಷಕ್ಕೆ ವೈನಿ ಹಣೆ ಮುಟ್ಟಿ ನೋಡಿದಳು. ಆಮೇಲೆ ಬಾಗಿಲಲ್ಲಿ ಅಣ್ಣ ಬಂದು ನಿಂತ. ಮೈ ತುಂಬಿಕೊಂಡಿತ್ತು, ಕೆನ್ನೆಗೆ ಬಣ್ಣ ಬಂದಿತ್ತು. ಕಾಲಲ್ಲಿ ಬೂಟು.

"ಇವತ್ತ ನಾನೂ ಬರ್ತೀನಿ ಫಕ್ಕಿ, ನಿನ್ನ ಆಟ ನೋಡಾಕ. ಎರಡು ವರ್ಷ ಆತು ನೋಡದs," ಎಂದ. ಆಮೇಲೆ ಅವಳ ಮುಖ ನೋಡಿ ಅವನ ನಗು ಮಾಸಿತು. "ಯಾಕ, ಹೋಗೂದಿಲ್ಲೇನ?" ಎಂದು ಕೇಳಿದ. ಆ ದನಿಯಲ್ಲಿ ಅಂಜಿಕೆಯಿತ್ತು. ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಊರು ತಿರುಗಿಸಿದ ಅಣ್ಣ ತನಗೆ ಅಂಜುತ್ತಿದ್ದಾನೆ ಎಂಬುದು ಅವಳಿಗೆ ತಡೆಯಲಾಗಲಿಲ್ಲ.

"ಹೋಗೂದs, ನಡಿ," ಎಂದು ಎದ್ದಳು. ಮೊದಲು ಆಡುವಂತಿರಲಿಲ್ಲ, ಈಗ ಆಡದೆ ಇರುವಂತಿರಲಿಲ್ಲ.

ಕಣದಲ್ಲಿ ಲೂಸಿ ಕಾಯುತ್ತಿದ್ದಳು. ದ್ಯಾಮಣ್ಣ ಬೆಂಚಿನ ಮೇಲೆ ಉಸ್ತಾದರ ಕಾಲು ಮುಟ್ಟಿ ಕೂತ. ಕೈ ಕೂಡಿದವು. ಫಕ್ಕೀರವ್ವ ಎಡಗಾಲು ಒಳಗೆ ಹಾಕಿ, ಕತ್ತು ಒತ್ತಿ, ಸುಲಭದ ಒಂದು ಮಗ್ಗುಲು ಪಟ್ಟು ಹಾಕಿದಳು. ಲೂಸಿ ತೊಪ್ಪನೆ ಬಿದ್ದಳು.

"ಭಲೇ ಫಕ್ಕಿ!" ದ್ಯಾಮಣ್ಣ ಚಪ್ಪಾಳೆ ತಟ್ಟಿದ. "ಆಡು, ಆಡು! ನೀ ಎಷ್ಟು ಆಡ್ತಿ ಅಷ್ಟು ನನಗ ಛಲೋ!"

ಫಕ್ಕೀರವ್ವ ಬಾಗಿ ಲೂಸಿಯ ಮುಖ ನೋಡಿದಳು. "ನೀ ಬೇಕಂತ ಬಿದ್ದಿ."

"ಇಲ್ಲಕ್ಕಾ."

"ಬೇಕಂತs ಬಿದ್ದಿ. ಈ ಪಟ್ಟಿಗೆ ನೀ ಹದಿನಾಕು ವರ್ಷದಾಕಿ ಇದ್ದಾಗೂ ಬಿದ್ದಿಲ್ಲ. ಎಷ್ಟು ದಿನದಿಂದ ನಡದೈತಿ ಇದು?"

ಲೂಸಿ ಮಣ್ಣು ಕೆದರುತ್ತ ಪಿಸುಗುಟ್ಟಿದಳು: "ಆ ಕಾರು ಬರಾಕ ಶುರು ಆದಾಗಿಂದ. ನನ್ನ ಕೈಯಾಗ ನಿನಗೇನರ ಆದ್ರ ನಾ ಏನ್ ಮಾಡ್ಲಿ? ಮೊದಲು ನೀ ಒಬ್ಬಾಕಿ ಇದ್ದಿ ಅಕ್ಕಾ. ಈಗ ನಿಮ್ಮಣ್ಣನ ಜೀವಾನೂ ನಿನ್ನ ಮೈಯಾಗೈತಿ, ಹೆಂಗ ಹಿಡೀಲಿ ನಿನ್ನ?"

ಎರಡು ತಿಂಗಳು. ತಾನು ಗೆದ್ದ ಒಂದೊಂದು ಪಟ್ಟೂ ಫಕ್ಕೀರವ್ವನಿಗೆ ನೆನಪಾಯಿತು, ಒಂದೊಂದಕ್ಕೂ ನಾಚಿಕೆಯಾಯಿತು. ಮನೆಯಲ್ಲಿ ಎಣಿಸಿದ ಬಾದಾಮಿ, ಇಲ್ಲಿ ಎಣಿಸಿದ ಹುಳಿ, ಅವುಗಳ ನಡುವೆ ನಿಜವಾದದ್ದು ಇದೊಂದೇ ಎಂದುಕೊಂಡಿದ್ದಳು.

"ಲೂಸಿ," ಎಂದಳು, ಬೆಂಚಿಗೆ ಕೇಳಿಸದ ಹಾಗೆ. "ಒಮ್ಮೆ ಕೆಡವು ನನ್ನ. ಮೊದಲಿನ ಹಂಗ. ನಿನ್ನ ಕಾಲಿಗಿ ಬೀಳ್ತೀನಿ, ಒಮ್ಮೆ ಕೆಡವು."

ಲೂಸಿಯ ಕಣ್ಣು ಬೆಂಚಿನ ಕಡೆ ಹೋಯಿತು. ದ್ಯಾಮಣ್ಣ ಮುಂದಕ್ಕೆ ಬಾಗಿ, ಮೊಣಕಾಲ ಮೇಲೆ ಕೈಯಿಟ್ಟು, ಮಗುವಿನಂತೆ ನಗುತ್ತ ಕೂತಿದ್ದ. ಲೂಸಿ ಮೂಗು ಒರೆಸಿಕೊಂಡು, ಹೂಂ ಎಂದು ತಲೆಯಾಡಿಸಿ ಕೈ ಹಿಡಿದಳು.

ಫಕ್ಕೀರವ್ವ ಇದ್ದ ಬಲವನ್ನೆಲ್ಲ ಹಾಕಿ ಮೇಲೆ ಬಿದ್ದಳು. ಲೂಸಿ ಆ ವೇಗವನ್ನು ತನ್ನ ಭುಜಕ್ಕೆ ತೆಗೆದುಕೊಂಡು, ಸೊಂಟಕ್ಕೆ ಕೈಹಾಕಿ ಎತ್ತಿದಳು. ಕಾಲು ನೆಲ ಬಿಟ್ಟವು. ಫಕ್ಕೀರವ್ವ ಕಣ್ಣು ಮುಚ್ಚಿ, ಬೆನ್ನಿಗೆ ಬಡಿಯಲಿರುವ ಮಣ್ಣಿಗಾಗಿ ಕಾದಳು. ಲೂಸಿ ಒಂದು ಅಂಗೈಯನ್ನು ಅವಳ ತಲೆಯ ಕೆಳಗೆ ಕೊಟ್ಟು, ಬಾಣಂತಿಯನ್ನು ಹಾಸಿಗೆಯ ಮೇಲೆ ಮಲಗಿಸುವ ಹಾಗೆ, ಮೆಲ್ಲಗೆ ಕೆಳಗಿಳಿಸಿದಳು. ಸಪ್ಪಳವೇ ಆಗಲಿಲ್ಲ.

ಬೆಂಚಿನ ಮೇಲಿಂದ ಶೈಲಜಾ ಹೇಳಿದಳು: "ಅಂಕಿ ಆರೂವರೆಗೆ ಬಂದಿದೆ, ಚೆನ್ನಾಗಿದೆ. ಏಳಿ ಫಕ್ಕೀರವ್ವ ಅವರೇ, ಇನ್ನೂ ಮೂವತ್ತೆಂಟು ನಿಮಿಷ ಬಾಕಿ ಇದೆ."